ಉಂಡದ್ದು ಮೈಗೆ ಹತ್ತುವ ದಾರಿ: ಜೀರ್ಣಕ್ರಿಯೆ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆ ಉಬ್ಬರಿಸಿದರೂ, ಎದೆ ಉರಿದರೂ, ಬೆನ್ನು ಹಿಡಿದುಕೊಂಡರೂ ನಮ್ಮಲ್ಲಿ ಒಂದೇ ಮಾತು: ‘ಗ್ಯಾಸ್ಟ್ರಿಕ್ ಆಗಿದೆ.’ ಅಪವಾದವೆಲ್ಲ ಜಠರದ ಮೇಲೆ. ನಿಜ ಹೇಳಬೇಕೆಂದರೆ ಊಟವನ್ನು ಪೂರ್ತಿ ಒಡೆದು ರಕ್ತಕ್ಕೆ ಸೇರಿಸುವ ದೊಡ್ಡ ಕೆಲಸ ನಡೆಯುವುದು ಅದರ ಕೆಳಗಿರುವ ಸಣ್ಣ ಕರುಳಿನಲ್ಲಿ. ಆ ಕರುಳಿನ ಪರಿಚಯ ನಮಗೆ ಇನ್ನೂ ಸರಿಯಾಗಿ ಆಗಿಲ್ಲ ಅನ್ನುವುದೇ ಈ ಬರಹಕ್ಕೆ ಕಾರಣ. ಉತ್ತರಗಳಿಗೆ ಆಧಾರವಾಗಿ ಒಂದೇ ಊಟವನ್ನು ಇಟ್ಟುಕೊಂಡಿದ್ದೇನೆ: ರಾಗಿ ಮುದ್ದೆ, ಅವರೆಕಾಳು ಸಾರು, ಒಂದು ಚಮಚ ತುಪ್ಪ, ಕೊನೆಗೆ ಮಜ್ಜಿಗೆ. ಪಿಷ್ಟ, ಪ್ರೊಟೀನ್, ಕೊಬ್ಬು, ನಾರು ಎಲ್ಲವೂ ಆ ಒಂದೇ ತಟ್ಟೆಯಲ್ಲಿವೆ.

ಮುದ್ದೆಯನ್ನು ಅಗಿಯದೆ ನುಂಗುತ್ತೇವಲ್ಲ, ಅದು ಜೀರ್ಣವಾಗುತ್ತದೆಯೇ?

ಆಗುತ್ತದೆ. ಅಗಿಯುವುದರಿಂದ ಎರಡು ಲಾಭ. ಆಹಾರ ಚೂರಾಗುತ್ತದೆ, ಜೊತೆಗೆ ಜೊಲ್ಲು ಬೆರೆಯುತ್ತದೆ. ದಿನಕ್ಕೆ ಒಂದರಿಂದ ಒಂದೂವರೆ ಲೀಟರ್ ಜೊಲ್ಲು ಸುರಿಯುತ್ತದೆ. ಅದರಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಸಕ್ಕರೆಯಾಗಿ ಒಡೆಯಲು ಶುರುಮಾಡುತ್ತದೆ. ಬರೀ ಅನ್ನವನ್ನು ಬಾಯಲ್ಲಿಟ್ಟು ಅಗಿಯುತ್ತಲೇ ಇದ್ದರೆ ಸ್ವಲ್ಪ ಹೊತ್ತಿಗೆ ಸಿಹಿ ಅನ್ನಿಸುವುದು ಇದರಿಂದಲೇ. ಆದರೆ ಪಿಷ್ಟದ ಬಹುಪಾಲು ಒಡೆಯುವುದು ಮುಂದೆ, ಮೇದೋಜ್ಜೀರಕ ಗ್ರಂಥಿ (ಪ್ಯಾಂಕ್ರಿಯಾಸ್) ಸಣ್ಣ ಕರುಳಿಗೆ ಕಳಿಸುವ ಅಮೈಲೇಸ್‌ನಿಂದ. ಮುದ್ದೆಯ ವಿಷಯದಲ್ಲಿ ಚೂರು ಮಾಡುವ ಕೆಲಸ ಬೀಸುವಾಗಲೇ ಮುಗಿದಿರುತ್ತದೆ. ಎಸರಿನಲ್ಲಿ ಬೆಂದು ಪಿಷ್ಟದ ಕಣಗಳೂ ಉಬ್ಬಿ ಬಿರಿದಿರುತ್ತವೆ. ಸಾರಿನಲ್ಲಿ ಅದ್ದಿ ನುಂಗಿದ ತುತ್ತು ಜಠರದಲ್ಲಿ ಸುಲಭವಾಗಿ ಕರಗಿ ಗಂಜಿಯಾಗುತ್ತದೆ.

ಆದರೆ ಈ ರಿಯಾಯಿತಿ ಮುದ್ದೆಗೆ ಮಾತ್ರ. ಕಡಲೆಬೀಜ, ಹಸಿ ಕೊಬ್ಬರಿ, ಮಾಂಸ, ಮುಸುಕಿನ ಜೋಳ ಇವನ್ನೆಲ್ಲ ನುಣ್ಣಗೆ ಅಗಿಯಲೇಬೇಕು. ಕಾಳಿನ ಸಿಪ್ಪೆಯೂ ಜೀವಕೋಶದ ಗೋಡೆಯೂ ಸೆಲ್ಯುಲೋಸ್‌ನಿಂದ ಆದವು. ಅದನ್ನು ಒಡೆಯುವ ಕಿಣ್ವ ನಮ್ಮ ದೇಹದಲ್ಲಿಲ್ಲ. ಹಲ್ಲು ಒಡೆಯದ ಜೋಳದ ಕಾಳು ಮರುದಿನ ಹಾಗೆಯೇ ಹೊರಬರುತ್ತದೆ, ಒಳಗಿನ ಸತ್ತ್ವವೂ ಅದರ ಜೊತೆಗೇ ಹೋಗುತ್ತದೆ. ಹಲ್ಲಿಲ್ಲದ ಹಿರಿಯರಿಗೆ ಕಾಳನ್ನು ಅರೆದು ಬಸ್ಸಾರು ಮಾಡಿ ಬಡಿಸುವುದು ಒಳ್ಳೆಯದು.

ನುಂಗಿದ್ದು ತಾನಾಗಿಯೇ ಕೆಳಗೆ ಜಾರುತ್ತದೆಯೇ?

ಇಲ್ಲ, ಅದನ್ನು ದೂಡಲಾಗುತ್ತದೆ. ಸುಮಾರು 25 ಸೆಂಟಿಮೀಟರ್ ಉದ್ದದ ಅನ್ನನಾಳದ ಸ್ನಾಯುಗಳು ತುತ್ತಿನ ಹಿಂದೆ ಬಿಗಿದು, ಮುಂದೆ ಸಡಿಲಗೊಂಡು, ಹತ್ತು ಸೆಕೆಂಡಿನೊಳಗೆ ಅದನ್ನು ಜಠರಕ್ಕೆ ಮುಟ್ಟಿಸುತ್ತವೆ. ತೂಕವೇ ಗೊತ್ತಾಗದ ಬಾಹ್ಯಾಕಾಶದಲ್ಲಿ ಗಗನಯಾತ್ರಿಗಳು ಊಟ ಮಾಡುವುದೂ ಇದೇ ಬಲದಿಂದ.

ಜಠರದಲ್ಲಿ ನಿಜವಾಗಿ ನಡೆಯುವುದೇನು?

ಮೂರು ಕೆಲಸ: ಕಲಸುವುದು, ಹುಳಿಗೂಡಿಸುವುದು, ಸ್ವಲ್ಪ ಸ್ವಲ್ಪವಾಗಿ ಕೆಳಗೆ ಬಿಡುವುದು. ಜಠರ ದಿನಕ್ಕೆ ಸುಮಾರು ಎರಡು ಲೀಟರ್ ರಸ ಸುರಿಸುತ್ತದೆ. ಅದರಲ್ಲಿರುವ ಹೈಡ್ರೋಕ್ಲೋರಿಕ್ ಆಮ್ಲ ಊಟದ ಜೊತೆ ಬಂದ ಬಹುಪಾಲು ರೋಗಾಣುಗಳನ್ನು ಕೊಲ್ಲುತ್ತದೆ, ಅವರೆಕಾಳಿನ ಪ್ರೊಟೀನಿನ ಸುರುಳಿಯನ್ನು ಬಿಚ್ಚುತ್ತದೆ. ಬಿಚ್ಚಿದ ಪ್ರೊಟೀನನ್ನು ಪೆಪ್ಸಿನ್ ಎಂಬ ಕಿಣ್ವ ತುಂಡರಿಸುತ್ತದೆ. ಇಷ್ಟಾದರೂ ಪ್ರೊಟೀನ್ ಅರ್ಧಂಬರ್ಧ ಒಡೆದಿರುತ್ತದೆ ಅಷ್ಟೇ. ಜಠರದ ಇನ್ನೊಂದು ಉಪಕಾರವನ್ನು ನಾವು ನೆನೆಯುವುದೇ ಇಲ್ಲ. ವಿಟಮಿನ್ ಬಿ12 ಅನ್ನು ಸಣ್ಣ ಕರುಳಿನ ಕೊನೆಯವರೆಗೆ ಹಿಡಿದೊಯ್ಯುವ ಒಂದು ಪ್ರೊಟೀನನ್ನು ತಯಾರಿಸುವುದು ಜಠರವೇ. ಅದಿಲ್ಲದಿದ್ದರೆ ಬಿ12 ಎಷ್ಟು ತಿಂದರೂ ದಕ್ಕುವುದು ತೀರಾ ಕಡಿಮೆ.

ಇದೆಲ್ಲ ತಿಳಿದುಬಂದ ಬಗೆಯನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ. 1822ರ ಜೂನ್‌ನಲ್ಲಿ, ಅಮೆರಿಕದ ಮ್ಯಾಕಿನಾಕ್ ದ್ವೀಪದಲ್ಲಿ, ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಕೆನಡಾ ಮೂಲದ ಕೂಲಿಯಾಳಿಗೆ ಆಕಸ್ಮಿಕವಾಗಿ ಕೋವಿಯ ಗುಂಡು ತಗುಲಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಉಳಿಸಿದ. ಗಾಯ ಮಾಯಿತು, ಆದರೆ ಜಠರಕ್ಕೆ ತೆರೆದ ತೂತು ಮುಚ್ಚಲೇ ಇಲ್ಲ. ಬೋಮಾಂಟ್ ಮಾಂಸದ, ರೊಟ್ಟಿಯ ಚೂರುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ತೂತಿನಿಂದ ಇಳಿಬಿಟ್ಟು, ಗಂಟೆಗೊಮ್ಮೆ ಎಳೆದು ನೋಡುತ್ತಿದ್ದ. ಜಠರರಸವನ್ನು ಹೊರತೆಗೆದು ಸೀಸೆಯಲ್ಲಿ ಹಾಕಿಟ್ಟರೂ ಅದು ಮಾಂಸವನ್ನು ಕರಗಿಸುತ್ತದೆ ಎಂದು ಕಂಡುಕೊಂಡ. ಸಿಟ್ಟು ಬಂದಾಗ ಜೀರ್ಣಕ್ರಿಯೆ ಏರುಪೇರಾಗುವುದನ್ನೂ ಗುರುತಿಸಿದ. 1833ರಲ್ಲಿ ಅವನ ಟಿಪ್ಪಣಿಗಳು ಅಚ್ಚಾದವು. ವಿಜ್ಞಾನಕ್ಕೆ ಅದರಿಂದ ಆದ ಲಾಭ ದೊಡ್ಡದು. ಆದರೂ ಬಡತನದಿಂದಾಗಿ ತನ್ನ ಹೊಟ್ಟೆಯನ್ನೇ ಪ್ರಯೋಗಕ್ಕೆ ಒಡ್ಡಿ ವೈದ್ಯನ ಮನೆಯಲ್ಲೇ ಆಳಾಗಿ ದುಡಿದ ಸೇಂಟ್ ಮಾರ್ಟಿನ್‌ನ ಹೆಸರನ್ನು ಬೋಮಾಂಟ್‌ನಷ್ಟೇ ಗೌರವದಿಂದ ನೆನೆಯಬೇಕು ಎಂಬುದು ನನ್ನ ಅಭಿಪ್ರಾಯ. ಅವನು ಬದುಕಿದ್ದು 1880ರವರೆಗೆ.

ಅಷ್ಟು ಖಾರವಾದ ಆಮ್ಲ ಜಠರವನ್ನೇ ಯಾಕೆ ಸುಡುವುದಿಲ್ಲ? ಮೆಣಸಿನಕಾಯಿ ತಿಂದರೆ ಅಲ್ಸರ್ ಬರುತ್ತದೆಯೇ?

ಜಠರದ ಒಳಗೋಡೆಗೆ ಲೋಳೆಯ ದಪ್ಪ ಲೇಪವಿದೆ. ಆ ಲೇಪದಲ್ಲಿರುವ ಬೈಕಾರ್ಬನೇಟ್ ಆಮ್ಲವನ್ನು ಅಲ್ಲಿಯೇ ತಣಿಸುತ್ತದೆ. ಮೇಲ್ಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಉದುರಿ ಹೊಸವು ಬರುತ್ತವೆ. ಪೆಪ್ಸಿನ್ ಕೂಡ ಮೊದಲು ನಿಷ್ಕ್ರಿಯ ರೂಪದಲ್ಲೇ ಹುಟ್ಟಿ, ಆಮ್ಲ ತಾಗಿದ ಮೇಲೆ ಎಚ್ಚರಗೊಳ್ಳುತ್ತದೆ.

ಈ ರಕ್ಷಣೆ ಕೆಟ್ಟಾಗ ಹುಣ್ಣಾಗುತ್ತದೆ. ಖಾರದಿಂದ ಉರಿ ಹೆಚ್ಚಬಹುದು. ಆದರೆ ಹುಣ್ಣಿನ ಮುಖ್ಯ ಕಾರಣಗಳು ಎರಡು: ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ, ಮತ್ತು ಡಾಕ್ಟರನ್ನು ಕೇಳದೆ ದಿನಗಟ್ಟಲೆ ನುಂಗುವ ನೋವಿನ ಮಾತ್ರೆ. ಬ್ಯಾಕ್ಟೀರಿಯಾ ಕಾರಣ ಎಂದಾಗ ಮೊದಮೊದಲು ಹೆಚ್ಚಿನವರು ನಂಬಲಿಲ್ಲ. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾನೇ ಕುಡಿದು ಜಠರದ ಉರಿಯೂತ ತಂದುಕೊಂಡರು. ಅವರಿಗೂ ಅವರ ಸಹೋದ್ಯೋಗಿ ರಾಬಿನ್ ವಾರನ್ ಅವರಿಗೂ 2005ರಲ್ಲಿ ನೊಬೆಲ್ ಬಂತು. ಇಂದು ಈ ಬಗೆಯ ಅಲ್ಸರ್ ಆಂಟಿಬಯೋಟಿಕ್ ಕೋರ್ಸಿನಿಂದ ಗುಣವಾಗುತ್ತದೆ. ಆದ್ದರಿಂದ ಆ್ಯಸಿಡ್ ಮಾತ್ರೆಯನ್ನೇ ವರ್ಷಗಟ್ಟಲೆ ನುಂಗುತ್ತಾ ಕೂರಬೇಡಿ, ಒಮ್ಮೆ ಪರೀಕ್ಷೆ ಮಾಡಿಸಿ.

ಊಟದ ಮಧ್ಯೆ ನೀರು ಕುಡಿದರೆ ಜೀರ್ಣರಸ ತೆಳುವಾಗುವುದಿಲ್ಲವೇ?

ಒಂದೆರಡು ಲೋಟದಿಂದ ಏನೂ ಕೆಡುವುದಿಲ್ಲ. ನೀರು ಬೇಗ ಕೆಳಗಿಳಿಯುತ್ತದೆ, ಜಠರ ಬೇಕಾದಷ್ಟು ಆಮ್ಲವನ್ನು ಮತ್ತೆ ಸುರಿಸಿಕೊಳ್ಳುತ್ತದೆ. ಎದೆಯುರಿ ಇರುವವರು ಮಾತ್ರ ಒಂದೇ ಸಲಕ್ಕೆ ಹೊಟ್ಟೆ ಬಿರಿಯುವಷ್ಟು ಕುಡಿಯಬಾರದು, ಉಂಡು ಎರಡು ಮೂರು ಗಂಟೆಯಾದರೂ ಕಳೆದ ಮೇಲೆ ಮಲಗಬೇಕು.

ಹಸಿದಾಗ ಹೊಟ್ಟೆ ‘ಗುರ್’ ಅನ್ನುವುದೇಕೆ?

ಖಾಲಿ ಇರುವಾಗ ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನುದ್ದಕ್ಕೂ ಬಲವಾದ ಅಲೆಯೊಂದು ಹಾದುಹೋಗಿ, ಉಳಿದ ಚೂರುಪಾರು, ಲೋಳೆ, ಬ್ಯಾಕ್ಟೀರಿಯಾಗಳನ್ನು ಮುಂದಕ್ಕೆ ಗುಡಿಸುತ್ತದೆ. ಒಳಗಿರುವ ಗಾಳಿ ಮತ್ತು ದ್ರವ ಕುಲುಕಿ ಸದ್ದಾಗುತ್ತದೆ. ಬಾಯಿಗೆ ಏನಾದರೂ ಹಾಕಿಕೊಳ್ಳುತ್ತಲೇ ಇದ್ದರೆ ಈ ಅಲೆ ಏಳುವುದೇ ಇಲ್ಲ.

ಸಣ್ಣ ಕರುಳಿಗೆ ಬಂದ ಮೇಲೆ?

ಇಲ್ಲಿಂದಲೇ ನಿಜವಾದ ಕೆಲಸ. ಜಠರದಿಂದ ಹುಳಿ ಗಂಜಿಯಾಗಿ ಇಳಿದ ಊಟ ಸಣ್ಣ ಕರುಳಿನ ಮೊದಲ 25 ಸೆಂಟಿಮೀಟರ್ ಭಾಗವಾದ ಡ್ಯುಯೋಡಿನಮ್‌ಗೆ ಬರುತ್ತಿದ್ದಂತೆ, ಅಲ್ಲಿನ ಗೋಡೆ ಆಮ್ಲವನ್ನು ಗುರುತಿಸಿ ಸೆಕ್ರೆಟಿನ್ ಎಂಬ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. ಸಂದೇಶ ತಲುಪಿದ ಮೇದೋಜ್ಜೀರಕ ಗ್ರಂಥಿ ಬೈಕಾರ್ಬನೇಟ್ ತುಂಬಿದ ರಸ ಕಳಿಸಿ ಆಮ್ಲವನ್ನು ತಣಿಸುತ್ತದೆ. 1902ರಲ್ಲಿ ಲಂಡನ್ನಿನಲ್ಲಿ ಬೇಲಿಸ್ ಮತ್ತು ಸ್ಟಾರ್ಲಿಂಗ್ ಎಂಬ ವಿಜ್ಞಾನಿಗಳು ಇದನ್ನು ಕಂಡುಹಿಡಿದರು. ಹಾರ್ಮೋನ್ ಎಂಬ ಕಲ್ಪನೆ ಹುಟ್ಟಿದ್ದೇ ಕರುಳಿನ ಈ ಸಂದೇಶದಿಂದ.

ತುಪ್ಪ ಬಂದದ್ದು ತಿಳಿದಾಗ ಇನ್ನೊಂದು ಹಾರ್ಮೋನ್ ಪಿತ್ತಕೋಶವನ್ನು ಹಿಂಡಿಸುತ್ತದೆ. ಪಿತ್ತರಸದಲ್ಲಿ ಕಿಣ್ವವಿಲ್ಲ, ಕೊಬ್ಬನ್ನು ಅದು ಸೂಕ್ಷ್ಮ ಹನಿಗಳಾಗಿ ಬಿಡಿಸುತ್ತದೆ ಅಷ್ಟೇ. ಆ ಹನಿಗಳನ್ನು ಒಡೆಯುವುದು ಮೇದೋಜ್ಜೀರಕ ಗ್ರಂಥಿಯ ಲೈಪೇಸ್. ಕೆಲಸ ಮುಗಿಸಿದ ಪಿತ್ತ ಲವಣಗಳಲ್ಲಿ ಶೇ. 95ರಷ್ಟನ್ನು ಸಣ್ಣ ಕರುಳಿನ ತುದಿ ಮತ್ತೆ ಹೀರಿ ಲಿವರ್‌ಗೆ ವಾಪಸ್ ಕಳಿಸುತ್ತದೆ. ಅವರೆಕಾಳಿನ ಪ್ರೊಟೀನ್ ಇಲ್ಲಿ ಟ್ರಿಪ್ಸಿನ್ ಮುಂತಾದ ಕಿಣ್ವಗಳಿಗೆ ಸಿಕ್ಕು ಅಮೈನೋ ಆಮ್ಲಗಳಾಗುತ್ತದೆ. ರಾಗಿಯ ಪಿಷ್ಟ ಮೊದಲು ಮಾಲ್ಟೋಸ್ ಆಗಿ, ಕೊನೆಗೆ ಕರುಳಿನ ಗೋಡೆಯ ಮೇಲೆಯೇ ಗ್ಲೂಕೋಸ್ ಆಗುತ್ತದೆ.

ಪಿತ್ತಕೋಶ ತೆಗೆಸಿದವರಿಗೆ ಊಟ ಜೀರ್ಣವಾಗುತ್ತದೆಯೇ?

ಆಗುತ್ತದೆ. ಪಿತ್ತರಸ ತಯಾರಾಗುವುದು ಲಿವರ್‌ನಲ್ಲಿ, ಪಿತ್ತಕೋಶ ಅದನ್ನು ಕೂಡಿಡುವ ಜಾಗ ಮಾತ್ರ. ಆಪರೇಷನ್ ಆದ ಮೇಲೆ ಪಿತ್ತರಸ ನೇರವಾಗಿ ಕರುಳಿಗೆ ಹನಿಯುತ್ತಿರುತ್ತದೆ. ಮೊದಲ ಕೆಲವು ವಾರ ಕರಿದದ್ದು, ಜಿಡ್ಡಿನದು ಕಡಿಮೆ ಮಾಡಿದರೆ ಹೆಚ್ಚಿನವರಿಗೆ ತೊಂದರೆಯಾಗದು.

ಒಡೆದದ್ದು ರಕ್ತಕ್ಕೆ ಸೇರುವುದು ಹೇಗೆ?

ಸಣ್ಣ ಕರುಳಿನ ಒಳಮೈ ನುಣ್ಣಗಿಲ್ಲ. ಅದು ಮಡಿಕೆ ಮಡಿಕೆಯಾಗಿದೆ. ಮಡಿಕೆಗಳ ಮೇಲೆ ಮಿಲಿಮೀಟರಿಗೂ ಕಡಿಮೆ ಎತ್ತರದ ವಿಲ್ಲಸ್ ಎಂಬ ಎಳೆಗಳು ಒತ್ತೊತ್ತಾಗಿ ನಿಂತಿವೆ. ಪ್ರತಿ ಎಳೆಯ ಪ್ರತಿ ಕೋಶದ ತುದಿಯಲ್ಲಿ ಇನ್ನೂ ಸೂಕ್ಷ್ಮವಾದ ಸಾವಿರಾರು ಎಳೆಗಳಿವೆ. ಇವನ್ನೆಲ್ಲ ಹರವಿದರೆ ಟೆನಿಸ್ ಕೋರ್ಟಿನಷ್ಟು ಎಂದು ಬಹಳ ಪಠ್ಯಪುಸ್ತಕಗಳು ಹೇಳುತ್ತವೆ. 2014ರಲ್ಲಿ ಸ್ವೀಡನ್ನಿನ ಸಂಶೋಧಕರು ಹೊಸದಾಗಿ ಅಳೆದಾಗ ಸಿಕ್ಕ ಲೆಕ್ಕ ಸುಮಾರು 30 ಚದರ ಮೀಟರ್. ನಮ್ಮ ಊರುಗಳ ಲೆಕ್ಕದಲ್ಲಿ ಹೇಳುವುದಾದರೆ 20×30 ಸೈಟಿನ ಅರ್ಧದಷ್ಟು. ಮಕ್ಕಳಿಗೆ ಹೇಳಿಕೊಡುವಾಗ ಈ ಹೊಸ ಲೆಕ್ಕವನ್ನೇ ಹೇಳಿ. ಅಂಗೈಯಗಲದ ಹೊಟ್ಟೆಯೊಳಗೆ ಇಷ್ಟು ಜಾಗ ಇರುವುದೇ ಸಾಕಷ್ಟು ದೊಡ್ಡ ಸಂಗತಿ.

ಪ್ರತಿ ವಿಲ್ಲಸ್‌ನ ಒಳಗೆ ರಕ್ತನಾಳಗಳ ಬಲೆ ಇದೆ, ನಡುವೆ ಒಂದು ದುಗ್ಧರಸ (ಲಿಂಫ್) ನಾಳ ಇದೆ. ಗ್ಲೂಕೋಸ್, ಅಮೈನೋ ಆಮ್ಲಗಳು ರಕ್ತನಾಳಕ್ಕೆ ಸೇರಿ ಮೊದಲು ಲಿವರ್‌ಗೆ ಹೋಗುತ್ತವೆ. ತುಪ್ಪದ ದಾರಿ ಬೇರೆ. ಒಡೆದ ಕೊಬ್ಬು ಕರುಳಿನ ಕೋಶದೊಳಗೆ ಮತ್ತೆ ಕೂಡಿಕೊಂಡು, ಪ್ರೊಟೀನಿನ ಹೊದಿಕೆ ಹೊದ್ದು, ದುಗ್ಧರಸ ನಾಳದಲ್ಲಿ ಮೇಲೇರಿ, ಕುತ್ತಿಗೆಯ ಬುಡದ ಹತ್ತಿರ ರಕ್ತಕ್ಕೆ ಸೇರುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳೂ ಈ ಕೊಬ್ಬಿನ ಜೊತೆಗೇ ಹೋಗುವುದರಿಂದ, ಸೊಪ್ಪಿನ ಪಲ್ಯಕ್ಕೆ ಒಂದು ಚಮಚ ಎಣ್ಣೆಯ ಒಗ್ಗರಣೆ ರುಚಿಗಷ್ಟೇ ಅಲ್ಲ, ಮೈಗೂ ಬೇಕು.

ಭೇದಿ ಶುರುವಾದಾಗ ಬರೀ ನೀರು ಕೊಟ್ಟರೆ ಸಾಲದೇ? ಭೇದಿಗೆ ಕುಡಿಸುವ ಉಪ್ಪು-ಸಕ್ಕರೆಯ ದ್ರಾವಣವಾದ ಓಆರ್‌ಎಸ್‌ನಲ್ಲಿ ಸಕ್ಕರೆ ಯಾಕೆ?

ಈ ಬರಹದಲ್ಲಿ ಒಂದೇ ಒಂದು ಉತ್ತರ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ದಿನಕ್ಕೆ ಕರುಳಿಗೆ ಇಳಿಯುವ ದ್ರವ ಸುಮಾರು 9 ಲೀಟರ್. ನಾವು ಕುಡಿಯುವುದು, ಉಣ್ಣುವುದರಲ್ಲಿ ಇರುವುದು ಸೇರಿ ಎರಡು ಲೀಟರ್. ಉಳಿದ ಏಳು ಲೀಟರ್ ಜೊಲ್ಲು, ಜಠರರಸ, ಪಿತ್ತರಸ ಮುಂತಾಗಿ ನಮ್ಮದೇ ದೇಹ ಸುರಿಸಿದ್ದು. ಇದರಲ್ಲಿ ಬಹುಪಾಲನ್ನು ಸಣ್ಣ ಕರುಳು, ಉಳಿದದ್ದನ್ನು ದೊಡ್ಡ ಕರುಳು ವಾಪಸ್ ಹೀರುತ್ತವೆ. ಮಲದಲ್ಲಿ ಹೋಗುವ ನೀರು 200 ಮಿಲಿಲೀಟರ್ ದಾಟುವುದಿಲ್ಲ. ಕಾಲರಾದಂಥ ಸೋಂಕಿನಲ್ಲಿ ಈ ಲೆಕ್ಕ ತಪ್ಪಿ ಲೀಟರ್‌ಗಟ್ಟಲೆ ನೀರು, ಉಪ್ಪು ಸೋರಿಹೋಗುತ್ತವೆ. ಮಗು ಕೆಲವೇ ಗಂಟೆಗಳಲ್ಲಿ ಬಾಡಿಹೋಗುತ್ತದೆ.

ಕರುಳಿನ ಕೋಶದಲ್ಲಿ ಒಂದು ವಿಶೇಷ ದ್ವಾರವಿದೆ. ಅದರಲ್ಲಿ ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿಯೇ ಒಳಗೆ ಹೋಗಬೇಕು. ಅವು ಒಳಹೊಕ್ಕಾಗ ನೀರು ಹಿಂಬಾಲಿಸುತ್ತದೆ. ಇದನ್ನು 1960ರಲ್ಲಿ ಸೂಚಿಸಿದವರು ವಿಜ್ಞಾನಿ ರಾಬರ್ಟ್ ಕ್ರೇನ್. ಭೇದಿಯ ಹೊತ್ತಿನಲ್ಲೂ ಈ ದ್ವಾರ ಕೆಲಸ ಮಾಡುತ್ತಲೇ ಇರುತ್ತದೆ. ಬರೀ ನೀರು ಕೊಟ್ಟರೆ ನಷ್ಟವಾದ ಉಪ್ಪು ತುಂಬುವುದಿಲ್ಲ. ಬರೀ ಉಪ್ಪು ನೀರು ಕೊಟ್ಟರೆ ಅದು ಸರಿಯಾಗಿ ಒಳಸೇರುವುದಿಲ್ಲ. ಸಕ್ಕರೆ ಬೇಕಾಗುವುದು ಅದಕ್ಕೇ.

1971ರ ಬಾಂಗ್ಲಾ ಯುದ್ಧದ ಸಮಯದಲ್ಲಿ ಪಶ್ಚಿಮ ಬಂಗಾಳದ ಬನಗಾಂವ್‌ನ ನಿರಾಶ್ರಿತರ ನಡುವೆ ಕಾಲರಾ ಹಬ್ಬಿತು. ರಕ್ತನಾಳಕ್ಕೆ ಏರಿಸುವ ಸಲೈನ್ ಮುಗಿಯುತ್ತಾ ಬಂದಾಗ ಡಾ. ದಿಲೀಪ್ ಮಹಲನಾಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿಟ್ಟು, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ಶೇ. 30ರ ಹತ್ತಿರ ಇದ್ದ ಸಾವು ಶೇ. 4ಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡದ್ದು 2022ರಲ್ಲಿ. ಮರಣಾನಂತರ ಪದ್ಮವಿಭೂಷಣ ಸಂದಿತು. ಅವರ ಹೆಸರು ಮನೆ ಮನೆಗೂ ಗೊತ್ತಿರಬೇಕಿತ್ತು.

ಓಆರ್‌ಎಸ್ ಅನ್ನು ಅಂಗಡಿಯಿಂದ ತರುವಾಗ ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿದೆಯೇ ನೋಡಿ. ಡಬ್ಬಿಯಲ್ಲಿ ಬರುವ ಸಿಹಿ ಪಾನೀಯದಲ್ಲಿ ಸಕ್ಕರೆ ಹೆಚ್ಚಿದ್ದು ಭೇದಿಯನ್ನು ಜಾಸ್ತಿ ಮಾಡಬಹುದು. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಅಪಾಯ. ಗುಟುಕು ಗುಟುಕಾಗಿ ಕುಡಿಸಿ. ಎದೆಹಾಲನ್ನೂ ಊಟವನ್ನೂ ನಿಲ್ಲಿಸಬೇಡಿ. ಮಕ್ಕಳಿಗೆ ಆರೋಗ್ಯ ಕೇಂದ್ರದಲ್ಲಿ ಕೊಡುವ ಜಿಂಕ್ ಮಾತ್ರೆಯನ್ನು ಭೇದಿ ನಿಂತ ಮೇಲೂ ಸೇರಿಸಿ ಒಟ್ಟು 14 ದಿನ ಕೊಡಬೇಕು.

ಅವರೆಕಾಳು ತಿಂದರೆ ಗ್ಯಾಸ್ ಆಗುವುದೇಕೆ?

ಅವರೆ, ಹುರುಳಿ, ಕಡಲೆ ಎಲ್ಲದರಲ್ಲೂ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳಿವೆ. ಇವನ್ನು ಕತ್ತರಿಸುವ ಕಿಣ್ವ ಮನುಷ್ಯನ ಸಣ್ಣ ಕರುಳಿನಲ್ಲಿಲ್ಲ. ಹೀಗಾಗಿ ಅವು ಇದ್ದಂತೆಯೇ ದೊಡ್ಡ ಕರುಳಿಗೆ ಇಳಿಯುತ್ತವೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅವನ್ನು ಹುದುಗಿಸಿದಾಗ ಹೈಡ್ರೋಜನ್, ಇಂಗಾಲದ ಡೈಆಕ್ಸೈಡ್, ಕೆಲವರಲ್ಲಿ ಮೀಥೇನ್ ಹುಟ್ಟುತ್ತವೆ. ಗಾಳಿಯ ಬಹುಪಾಲಿಗೆ ವಾಸನೆಯೇ ಇಲ್ಲ, ನಾತ ಬರುವುದು ಅತ್ಯಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳಿಂದ.

ಇದನ್ನು ಕಾಯಿಲೆ ಎಂದುಕೊಂಡು ಕಾಳು ಬಿಡುವವರನ್ನು ಕಂಡರೆ ಬೇಸರವಾಗುತ್ತದೆ. ಅದೇ ಹುದುಗಿನಲ್ಲಿ ಬ್ಯೂಟಿರೇಟ್ ಎಂಬ ಕೊಬ್ಬಿನಾಮ್ಲವೂ ತಯಾರಾಗುತ್ತದೆ, ದೊಡ್ಡ ಕರುಳಿನ ಕೋಶಗಳಿಗೆ ಮುಖ್ಯ ಇಂಧನ ಅದು. ಕಾಳನ್ನು ರಾತ್ರಿಯಿಡೀ ನೆನೆಸಿ ಆ ನೀರನ್ನು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಈ ಸಕ್ಕರೆಗಳು ಕಡಿಮೆಯಾಗುತ್ತವೆ. ಡಿಸೆಂಬರ್-ಜನವರಿಯ ಸೊಗಡಿನ ಕಾಲದಲ್ಲಿ ಕಾಳನ್ನು ನೆನೆಸಿ, ಹೆಬ್ಬೆರಳು-ತೋರುಬೆರಳ ನಡುವೆ ಒತ್ತಿ ಸಿಪ್ಪೆ ಹಾರಿಸಿ ಮಾಡುವ ಹಿತಕಿದ ಬೇಳೆ ಸಾರು ಹಲವರಿಗೆ ಹಗುರ ಅನ್ನಿಸುವುದಕ್ಕೆ ನೆನೆಸುವುದೂ ಒಂದು ಕಾರಣ. ಅಭ್ಯಾಸವಿಲ್ಲದವರು ಮೊದಲ ವಾರ ಅರ್ಧ ಸೌಟು ತಿನ್ನಿ, ಬರಬರುತ್ತಾ ಹೆಚ್ಚಿಸಿ. ಕರುಳಿನ ಬ್ಯಾಕ್ಟೀರಿಯಾಗಳೂ ಹೊಂದಿಕೊಳ್ಳುತ್ತವೆ.

ಹಾಲು ಕುಡಿದರೆ ಹೊಟ್ಟೆ ಕೆಡುತ್ತದೆ, ಮಜ್ಜಿಗೆ ಆಗುತ್ತದೆ. ಇದು ಹೇಗೆ?

ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಬಾಲ್ಯ ಕಳೆದ ಮೇಲೆ ಪ್ರಪಂಚದ ಹೆಚ್ಚಿನ ಜನರಲ್ಲಿ ಕಡಿಮೆಯಾಗುತ್ತದೆ. ಭಾರತದಲ್ಲಿ ಉತ್ತರಕ್ಕಿಂತ ದಕ್ಷಿಣದಲ್ಲಿ ಹೀಗಾಗುವುದು ಹೆಚ್ಚು. ಮೊಸರಾಗುವಾಗ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸಿನ ಒಂದು ಭಾಗವನ್ನು ಲ್ಯಾಕ್ಟಿಕ್ ಆಮ್ಲ ಮಾಡಿರುತ್ತವೆ. ಹೊಟ್ಟೆಗೆ ಹೋದ ಮೇಲೂ ಅವುಗಳ ಕಿಣ್ವ ಸಹಾಯ ಮಾಡುತ್ತದೆ. ಜೋರು ಭೇದಿಯಾದ ಮೇಲೆ ಕೆಲವು ದಿನ ಹಾಲು ಒಗ್ಗದಿರುವುದೂ ಸಹಜ, ಲ್ಯಾಕ್ಟೇಸ್ ಇರುವ ವಿಲ್ಲಸ್‌ನ ತುದಿ ಮತ್ತೆ ಚಿಗುರಬೇಕು.

ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲ. ಯಾಕೆ?

‘ಮೈ ಪ್ರಕೃತಿಯೇ ಹಾಗೆ’ ಎಂದು ಬಿಟ್ಟುಬಿಡಬೇಡಿ. ಮಕ್ಕಳಲ್ಲಿ ಮೊದಲು ಯೋಚಿಸಬೇಕಾದದ್ದು ಹೊಟ್ಟೆಹುಳು. ಕೊಕ್ಕೆಹುಳು ಕರುಳಿನ ಗೋಡೆಯಿಂದ ರಕ್ತ ಹೀರುತ್ತದೆ. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ ಅಲ್ಬೆಂಡಜೋಲ್ ಮಾತ್ರೆ ಇದಕ್ಕಾಗಿಯೇ, ತಪ್ಪಿಸಬೇಡಿ. ಗೋಧಿಯ ಗ್ಲುಟೆನ್ ಎಂಬ ಪ್ರೊಟೀನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲಿ ವಿಲ್ಲಸ್‌ಗಳೇ ಸವೆದು ಚಪ್ಪಟೆಯಾಗುತ್ತವೆ. ರಾಗಿ, ಜೋಳ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ. ಕ್ಷಯ, ಸಕ್ಕರೆ ಕಾಯಿಲೆ, ಥೈರಾಯ್ಡ್ ಹೆಚ್ಚಾಗುವುದು ಇವೂ ಕಾರಣವಾಗಬಹುದು.

ಇನ್ನು ರಕ್ತಹೀನತೆ. ಸೊಪ್ಪು, ಕಾಳಿನ ಕಬ್ಬಿಣಾಂಶ ಸಸ್ಯಮೂಲದ್ದು, ಹೀರಿಕೆ ಮೊದಲೇ ಕಡಿಮೆ. ಉಂಡ ಕೂಡಲೇ ಕಾಫಿ, ಟೀ ಕುಡಿದರೆ ಇನ್ನೂ ಇಳಿಯುತ್ತದೆ. ಸಾರಿಗೆ ನಿಂಬೆ ಹಿಂಡಿದರೆ, ಊಟದ ಜೊತೆ ಒಂದು ಸೀಬೆಹಣ್ಣು ತಿಂದರೆ ವಿಟಮಿನ್ ಸಿ ದೆಸೆಯಿಂದ ಹೀರಿಕೆ ಏರುತ್ತದೆ. ಕಾಫಿಯನ್ನು ಒಂದು ಗಂಟೆ ಮುಂದೂಡಿ. ಕಾಸಿಲ್ಲದೆ ಆಗುವ ಚಿಕಿತ್ಸೆ ಇದು.

ಉಂಡದ್ದು ಹೊರಬರಲು ಎಷ್ಟು ಹೊತ್ತು ಬೇಕು?

ಜಠರದಲ್ಲಿ ಎರಡರಿಂದ ನಾಲ್ಕು ಗಂಟೆ, ಜಿಡ್ಡು ಹೆಚ್ಚಿದ್ದರೆ ಇನ್ನೂ ತಡ. ಸಣ್ಣ ಕರುಳಿನಲ್ಲಿ ಮೂರರಿಂದ ಆರು ಗಂಟೆ. ದೊಡ್ಡ ಕರುಳಿನಲ್ಲಿ ಅರ್ಧ ದಿನದಿಂದ ಎರಡು ದಿನ ಅಥವಾ ಅದಕ್ಕೂ ಹೆಚ್ಚು. ಬೀಟ್‌ರೂಟ್ ಪಲ್ಯ ತಿಂದು ಕೆಂಪು ಬಣ್ಣ ಯಾವಾಗ ಕಾಣುತ್ತದೆ ಎಂದು ನೋಡಿದರೆ ನಿಮ್ಮ ಕರುಳಿನ ವೇಗ ಸುಮಾರಾಗಿ ತಿಳಿಯುತ್ತದೆ. ದಿನಾ ಹೋಗಲೇಬೇಕೆಂಬ ನಿಯಮವಿಲ್ಲ. ದಿನಕ್ಕೆ ಮೂರು ಸಲದಿಂದ ವಾರಕ್ಕೆ ಮೂರು ಸಲದವರೆಗೆ ಎಲ್ಲವೂ ಸಹಜವೇ.

ಡಾಕ್ಟರ ಹತ್ತಿರ ಯಾವಾಗ ಹೋಗಲೇಬೇಕು?

ಬೀಟ್‌ರೂಟ್ ತಿನ್ನದೆ ಮಲ ಕೆಂಪಗಾದರೆ, ಕಬ್ಬಿಣದ ಮಾತ್ರೆ ನುಂಗದೆ ಡಾಂಬರಿನಂತೆ ಕಪ್ಪಗಾದರೆ ಅದೇ ದಿನ ಹೋಗಿ. ನುಂಗುವಾಗ ತುತ್ತು ಸಿಕ್ಕಿಹಾಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ಕಣ್ಣು ಹಳದಿಯಾಗುವುದು, 50 ದಾಟಿದ ಮೇಲೆ ಮಲವಿಸರ್ಜನೆಯ ರೂಢಿ ಬದಲಾಗುವುದು, ಇವು ಮನೆಮದ್ದಿಗೆ ಬಗ್ಗುವಂಥವಲ್ಲ. ಭೇದಿಯಾದ ಮಗು ಕುಡಿದದ್ದನ್ನೆಲ್ಲ ಕಕ್ಕುತ್ತಿದ್ದರೆ, ಕಣ್ಣು ಗುಳಿಬಿದ್ದು ಮಂಕಾಗಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಎದೆಯ ನಡುವೆ ಬಿಗಿತ ಬಂದು, ಬೆವರಿ, ನೋವು ಎಡಗೈಗೋ ದವಡೆಗೋ ಇಳಿಯುತ್ತಿದ್ದರೆ ಅದನ್ನು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಬೇಡಿ. ಅದು ಹೃದಯಾಘಾತ ಇರಬಹುದು, 108ಕ್ಕೆ ಕರೆ ಮಾಡಿ.